ಹೊರಬೀಡಿನಿಂದ ಮರಳುವಾಗ: ಕೋವಿಡ್ ಕಾಲದ ಶಾಲಾ ಪುನರಾರಂಭ ಮತ್ತು ಶಿಕ್ಷಕ ಸಂಘಟನೆಗಳ ದನಿ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆದವರು ರೋಗ ಬಂದ ಬಗೆಯನ್ನು, ಅದು ಹರಡಿದ ವೇಗವನ್ನು, ಸತ್ತವರ ಸಂಖ್ಯೆಯನ್ನು, ಆಳುವವರು ಕೈಗೊಂಡ ಕ್ರಮಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಊರು ಬಿಟ್ಟು ಹೋದ ಜನ ಮರಳಿ ಊರಿಗೆ ಬಂದ ಬಗೆಯನ್ನು ಕುರಿತು ಬರೆದವರು ಕಡಿಮೆ. ರೋಗ ಇಳಿದ ಮೇಲೆ ಬದುಕು ತಾನಾಗಿ ಮೊದಲಿನಂತಾಯಿತು ಎಂಬ ಒಂದು ವಾಕ್ಯದಲ್ಲಿ ಆ ಭಾಗ ಮುಗಿದುಹೋಗುತ್ತದೆ. ಆದರೆ ಮೌಖಿಕ ನೆನಪುಗಳಲ್ಲಿ ಹಾಗಿಲ್ಲ. ನನ್ನ ಅಜ್ಜಿ ಪ್ಲೇಗಿನ ಮಾತು ಬಂದಾಗಲೆಲ್ಲ ‘ಇಲಿ ಬಿದ್ದ ವರ್ಷ’ ಎಂದು ಆರಂಭಿಸುತ್ತಿದ್ದಳು. ಸೂರಿನಿಂದ ಸತ್ತ ಇಲಿ ಬಿದ್ದರೆ ಮನೆ ಬಿಡಬೇಕೆಂಬುದು ಆ ಕಾಲದ ತಿಳಿವಳಿಕೆ. ಜನ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಅಜ್ಜಿಯ ಕಥನದಲ್ಲಿ ಈ ಹೊರಡುವ ಭಾಗ ಚಿಕ್ಕದು, ಮರಳುವ ಭಾಗ ದೊಡ್ಡದು. ಹೆಂಚು ಇಳಿಸಿ ಮನೆಯೊಳಗೆ ಬಿಸಿಲು ಬೀಳಿಸಿದ್ದು, ಸುಣ್ಣ ಬಳಿದದ್ದು, ಎಲ್ಲಕ್ಕಿಂತ ಮಿಗಿಲಾಗಿ ಮೊದಲು ಹೊಸ್ತಿಲು ದಾಟುವವರು ಯಾರೆಂಬುದರ ಬಗ್ಗೆ ಮನೆಮನೆಗಳ ನಡುವೆ ನಡೆದ ಜಗಳ ಅವಳಿಗೆ ಕೊನೆಯವರೆಗೂ ಮರೆತಿರಲಿಲ್ಲ.

ಪ್ರಸ್ತುತ ಲೇಖನವು ಆ ಜಗಳದ ಇತ್ತೀಚಿನ ಒಂದು ರೂಪವನ್ನು ಕುರಿತದ್ದು. ೨೦೨೦ ಮತ್ತು ೨೦೨೧ರಲ್ಲಿ ಕೋವಿಡ್‌ನಿಂದಾಗಿ ಮುಚ್ಚಿದ್ದ ಶಾಲೆಗಳನ್ನು ತೆರೆಯುವ ಪ್ರಶ್ನೆ ಬಂದಾಗ ‘ಶಾಲೆ ಸುರಕ್ಷಿತವಾಗಿದೆ’ ಎಂದು ಹೇಳುವ ಅಧಿಕಾರ ಯಾರದಾಗಿತ್ತು? ಹೊಸ್ತಿಲು ದಾಟಲೇಬೇಕಾಗಿದ್ದ ಶಿಕ್ಷಕರನ್ನು ಆ ಮಾತಿಗೆ ಮುನ್ನ ಕೇಳಲಾಯಿತೇ? ಕೇಳದಿದ್ದಾಗ ಅವರ ಸಂಘಟನೆಗಳು ಯಾವ ನುಡಿಯಲ್ಲಿ ಮಾತನಾಡಿದವು? ಕರ್ನಾಟಕವನ್ನು ಕೇಂದ್ರದಲ್ಲಿಟ್ಟುಕೊಂಡು, ಅಗತ್ಯವಿದ್ದೆಡೆ ಉತ್ತರ ಪ್ರದೇಶ, ಇಂಗ್ಲೆಂಡ್ ಹಾಗೂ ಅಮೆರಿಕದ ಶಿಕಾಗೋ ನಗರದ ಅನುಭವಗಳೊಂದಿಗೆ ಹೋಲಿಸಿ ಈ ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ.

ಹೊರಬೀಡು ಮತ್ತು ಅಪ್ಪಣೆ

ಕರ್ನಾಟಕದ ಬಯಲುಸೀಮೆ ಹಾಗೂ ಮಲೆನಾಡಿನ ಹಲವು ಭಾಗಗಳಲ್ಲಿ ಹೊರಬೀಡು ಎಂಬ ಆಚರಣೆಯಿದೆ. ರೋಗರುಜಿನ ಕಾಣಿಸಿಕೊಂಡಾಗ, ಮಳೆ ಕೈಕೊಟ್ಟಾಗ, ಕೆಲವೆಡೆ ಮಾರಿಜಾತ್ರೆಯ ಅಂಗವಾಗಿ, ಊರಿನ ಸಮಸ್ತರೂ ಮನೆಗಳಿಗೆ ಬೀಗ ಹಾಕಿ, ದನಕರುಗಳೊಂದಿಗೆ ಊರ ಹೊರಗೆ ಹೋಗಿ ಬೀಡುಬಿಡುತ್ತಾರೆ. ಊರ ಬಾಗಿಲಿಗೆ ಮುಳ್ಳು ಹಚ್ಚುವುದುಂಟು. ಅಡುಗೆ ಊಟಗಳೆಲ್ಲ ಹೊರಗೇ. ಪೂಜೆ ಮುಗಿದು ಅಪ್ಪಣೆಯಾದ ಮೇಲೆಯೇ ಊರೊಳಗೆ ಪ್ರವೇಶ. ಎಷ್ಟೋ ಕಡೆ ಈ ಅಪ್ಪಣೆಯನ್ನು ದೇವರಲ್ಲಿ ಹೂವಿನ ಪ್ರಸಾದ ಕೇಳುವ ಮೂಲಕ ಪಡೆಯುತ್ತಾರೆ. ಹೊರಗಿನವರ ಕಣ್ಣಿಗೆ ಇದು ಮೂಢನಂಬಿಕೆ. ಜಾನಪದ ಅಧ್ಯಯನಕಾರನಿಗೆ ಇದರಲ್ಲಿ ಗಮನಿಸಬೇಕಾದ ಸಂಗತಿ ಬೇರೆಯದೇ ಇದೆ. ಹೊರಬೀಡಿನಿಂದ ಮರಳುವುದು ಸಾಮೂಹಿಕ ತೀರ್ಮಾನ. ಒಬ್ಬರನ್ನು ಮುಂದೆ ಕಳುಹಿಸಿ, ಅವರಿಗೇನೂ ಆಗಲಿಲ್ಲವಾದರೆ ಉಳಿದವರು ಹಿಂದೆ ಹೋಗುವ ಕ್ರಮವಲ್ಲ ಅದು. ಅಪ್ಪಣೆ ದೊರೆತರೆ ಎಲ್ಲರಿಗೂ ದೊರೆಯುತ್ತದೆ, ದೊರೆಯದಿದ್ದರೆ ಗೌಡನೂ ಹೊರಗೇ ಮಲಗಬೇಕು. ಆಚರಣೆಯೊಳಗೆ ಜಾತಿ ತಾರತಮ್ಯ ಇರಲಿಲ್ಲವೆಂದು ಇದರ ಅರ್ಥವಲ್ಲ. ಬೀಡುಬಿಡುವ ಜಾಗಗಳಲ್ಲೇ ಅದು ಎದ್ದು ಕಾಣುತ್ತಿತ್ತು. ಆದರೂ ಮರಳುವ ಗಳಿಗೆಯ ಮಟ್ಟಿಗೆ ಎಲ್ಲರ ಅಪಾಯವೂ ಒಂದೇ ಎಂಬ ಗ್ರಹಿಕೆ ಅಲ್ಲಿತ್ತು.

ವಸಾಹತು ಆಡಳಿತದ ಕ್ರಮ ಇದಕ್ಕಿಂತ ಭಿನ್ನ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿ-ಧಾರವಾಡಗಳನ್ನು ಹಾದು ೧೮೯೮ರ ಆಗಸ್ಟ್‌ನಲ್ಲಿ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಈ ನಡುವೆ ೧೮೯೭ರಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಮನೆ ಶೋಧಿಸುವ, ಜನರನ್ನು ಪ್ರತ್ಯೇಕಿಸುವ, ಸಂಚಾರ ತಡೆಯುವ ಅಧಿಕಾರವನ್ನು ಸರ್ಕಾರಗಳಿಗೆ ನೀಡಿತು. ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ಆ ಪ್ಲೇಗಿನ ಕೊಡುಗೆ. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಯೂ ಅದರ ಕೊಡುಗೆಯೇ. ಮೊದಲನೆಯದು ಆಡಳಿತದ ನೆನಪು, ಎರಡನೆಯದು ಜನರ ನೆನಪು. ೨೦೨೦ರಲ್ಲಿ ಕೋವಿಡ್ ಬಂದಾಗ ಸರ್ಕಾರಗಳು ಕೈಗೆತ್ತಿಕೊಂಡ ಕಾನೂನುಗಳಲ್ಲಿ ೧೮೯೭ರ ಇದೇ ಕಾಯ್ದೆಯೂ ಒಂದು. ೨೦೨೧ರ ಮೇ ತಿಂಗಳಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನನ್ನು ಪ್ರತಿಷ್ಠಾಪಿಸಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಎರಡೂ ಪರಂಪರೆಗಳು ಒಂದೂಕಾಲು ಶತಮಾನದ ನಂತರವೂ ಜೊತೆಜೊತೆಯಾಗಿ ನಡೆದಿದ್ದವು.

ಈ ಚರಿತ್ರೆಯಲ್ಲಿ ಶಿಕ್ಷಕರ ಸ್ಥಾನವನ್ನು ಹುಡುಕಿದರೆ ಮೊದಲು ಎದುರಾಗುವ ಹೆಸರು ಸಾವಿತ್ರಿಬಾಯಿ ಫುಲೆಯವರದು. ಪುಣೆಯಲ್ಲಿ ಪ್ಲೇಗ್ ಪೀಡಿತರ ಸೇವೆ ಮಾಡುತ್ತಿದ್ದಾಗ ಅವರಿಗೆ ರೋಗ ತಗುಲಿ, ೧೮೯೭ರ ಮಾರ್ಚ್ ೧೦ರಂದು ತೀರಿಕೊಂಡರು. ಆ ಸಾವಿನ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸ್ವಇಚ್ಛೆಯಿಂದ ಮಾಡಿದ ತ್ಯಾಗವನ್ನು ಮುಂದೆ ಇಡೀ ವೃತ್ತಿಯ ಕರ್ತವ್ಯವನ್ನಾಗಿ ನಿರೀಕ್ಷಿಸುವುದು ಬೇರೆ ಮಾತು. ಕೋವಿಡ್ ಕಾಲದಲ್ಲಿ ಶಿಕ್ಷಕರಿಗೆ ‘ಕೊರೊನಾ ಯೋಧರು’ ಎಂಬ ಬಿರುದು ಸಿಕ್ಕಿತು. ನಮ್ಮ ವೀರಗಲ್ಲುಗಳ ನಾಡಿನಲ್ಲಿ ಯೋಧನೆಂದರೆ ಏನೆಂದು ಎಲ್ಲರಿಗೂ ಗೊತ್ತು. ಯೋಧನು ಹೋಗಬೇಕೋ ಬೇಡವೋ ಎಂದು ಕೇಳುವಂತಿಲ್ಲ. ಸತ್ತರೆ ಕಲ್ಲು ನಿಲ್ಲಿಸುತ್ತಾರೆ, ಅವನ ಕುಟುಂಬಕ್ಕೆ ನೆತ್ತರುಗೊಡುಗೆ ಕೊಡುತ್ತಾರೆ. ಶಿಕ್ಷಕ ಸಂಘಟನೆಗಳು ಆ ಬಿರುದನ್ನು ನಿರಾಕರಿಸಲಿಲ್ಲ. ಯೋಧರೆಂದು ಕರೆಯುವುದಾದರೆ ಯೋಧರಿಗೆ ಘೋಷಿಸಿದ ವಿಮೆ, ಪರಿಹಾರಗಳು ತಮಗೂ ಅನ್ವಯವಾಗಲಿ ಎಂದು ಕೇಳಿದವು. ೨೦೨೦ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ೫೦ ಲಕ್ಷ ರೂಪಾಯಿಗಳ ವಿಮೆ ಆರೋಗ್ಯ ಕಾರ್ಯಕರ್ತರಿಗೆ ಮೀಸಲಾಗಿತ್ತು. ಬಿರುದಿಗೂ ನೆತ್ತರುಗೊಡುಗೆಗೂ ನಡುವಿನ ಈ ಅಂತರದಲ್ಲಿಯೇ ಸಂಘಟನೆಗಳ ಮುಂದಿನ ಎರಡು ವರ್ಷಗಳ ಪತ್ರವ್ಯವಹಾರ ಬಹುಮಟ್ಟಿಗೆ ಕಳೆಯಿತು.

ವಠಾರ ಶಾಲೆ

೨೦೨೦ರ ಮಾರ್ಚ್ ೧೨ರಂದು ಕಲಬುರಗಿಯ ವೃದ್ಧರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವೆಂದು ದೃಢಪಟ್ಟಿತು. ಆ ವಾರವೇ ರಾಜ್ಯದ ಶಾಲೆಗಳು ಮುಚ್ಚಿದವು. ಶಾಲೆ ಮುಚ್ಚಿತೆಂದರೆ ಶಿಕ್ಷಕರು ಮನೆಯಲ್ಲಿ ಕುಳಿತರೆಂದು ಅರ್ಥವಾಗಲಿಲ್ಲ. ಮನೆಮನೆ ಸಮೀಕ್ಷೆ, ಚೆಕ್‌ಪೋಸ್ಟ್ ಕಾವಲು, ಪಡಿತರ ವಿತರಣೆಯ ಉಸ್ತುವಾರಿ ಮುಂತಾದ ಕೆಲಸಗಳಿಗೆ ಅವರನ್ನು ನಿಯೋಜಿಸಲಾಯಿತು. ನೆರೆಯ ತಮಿಳುನಾಡು ಮತ್ತು ತೆಲಂಗಾಣಗಳು ಹತ್ತನೆಯ ತರಗತಿಯ ಪರೀಕ್ಷೆಯನ್ನು ರದ್ದುಪಡಿಸಿದ ಹೊತ್ತಿನಲ್ಲಿ ಕರ್ನಾಟಕವು ಜೂನ್ ೨೫ರಿಂದ ಜುಲೈ ಮೊದಲ ವಾರದವರೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಡೆಸಿತು. ನೋಂದಾಯಿಸಿಕೊಂಡಿದ್ದವರು ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು. ಈ ಪರೀಕ್ಷೆ ಸರ್ಕಾರಕ್ಕೆ ಆತ್ಮವಿಶ್ವಾಸ ತಂದುಕೊಟ್ಟಿತು. ಎಚ್ಚರಿಕೆ ವಹಿಸಿದರೆ ಲಕ್ಷಾಂತರ ಮಕ್ಕಳನ್ನು ಒಂದೆಡೆ ಸೇರಿಸಬಹುದೆಂಬ ವಾದಕ್ಕೆ ಅದೇ ಸಾಕ್ಷ್ಯವಾಯಿತು.

ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಯಿತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಲಿ ಎಂಬುದು ಇದರ ಆಶಯ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರು ಅವರವರ ಕೇರಿಗಳಿಗೇ ಹೋಗಿ ಸಣ್ಣ ಗುಂಪುಗಳಲ್ಲಿ ಪಾಠ ಮಾಡಬೇಕಿತ್ತು. ಗುಡಿಯ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಮಾವಿನ ತೋಪು, ಯಾರದೋ ಮನೆಯ ಪಡಸಾಲೆ ತರಗತಿಗಳಾದವು. ಕರಾವಳಿಯಲ್ಲಿ ಇದನ್ನು ವಠಾರ ಶಾಲೆಯೆಂದೇ ಕರೆದರು. ಆ ದಿನಗಳ ಪತ್ರಿಕೆಗಳಲ್ಲಿ ಬಂದ ಛಾಯಾಚಿತ್ರಗಳನ್ನು ನೋಡಿದ ನಮ್ಮಲ್ಲನೇಕರಿಗೆ ಕೂಲಿಮಠಗಳ, ಐಗಳ ಶಾಲೆಗಳ ನೆನಪಾಯಿತು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಆ ಪರಂಪರೆ ಮರಳಿ ಬಂದಿತೆಂದು ಸಂಭ್ರಮಿಸಿದವರಲ್ಲಿ ನಾನೂ ಒಬ್ಬನೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ಈ ಹೋಲಿಕೆ ಮೇಲ್ನೋಟದ್ದು. ಕೂಲಿಮಠದ ಐಗಳು ಅದೇ ಊರಿನಲ್ಲಿ ವಾಸಿಸುತ್ತಿದ್ದರು. ಊರಿಗೆ ಬಂದದ್ದು ಅವರಿಗೂ ಬರುತ್ತಿತ್ತು. ವಿದ್ಯಾಗಮದ ಶಿಕ್ಷಕರಾದರೋ ತಾಲ್ಲೂಕು ಕೇಂದ್ರದಿಂದ ಬಸ್ಸಿನಲ್ಲೋ ಬೈಕಿನಲ್ಲೋ ಬಂದು, ಒಂದು ಕೇರಿಯಿಂದ ಇನ್ನೊಂದು ಕೇರಿಗೆ, ಒಂದು ಗುಂಪಿನಿಂದ ಮತ್ತೊಂದು ಗುಂಪಿಗೆ ತಿರುಗಬೇಕಿತ್ತು. ಸಾಂಕ್ರಾಮಿಕದ ದೃಷ್ಟಿಯಿಂದ ನೋಡಿದರೆ ಪ್ರತ್ಯೇಕ ಗುಂಪುಗಳ ನಡುವೆ ಇದ್ದ ಏಕೈಕ ಕೊಂಡಿ ಶಿಕ್ಷಕರೇ. ಮಾರ್ಚ್-ಏಪ್ರಿಲ್‌ನಲ್ಲಿ ಊರ ಬಾಗಿಲಿಗೆ ಮುಳ್ಳು ಹಚ್ಚಿದ್ದ ಹಳ್ಳಿಗಳು ಆಗಸ್ಟ್‌ನಲ್ಲಿ ಹೊರಗಿನಿಂದ ಬರುವ ಮೇಷ್ಟ್ರನ್ನು ಸ್ವಲ್ಪ ಅನುಮಾನದಿಂದಲೇ ಬರಮಾಡಿಕೊಂಡವು. ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿರುವ ನನ್ನ ಅತ್ತಿಗೆ ಆ ಎರಡು ತಿಂಗಳು ಹೋದಲ್ಲೆಲ್ಲ ಚೊಂಬಿನ ನೀರನ್ನೂ ಕೇಳಲಿಲ್ಲ. ರೋಗ ತಗುಲೀತೆಂಬ ಅಂಜಿಕೆಗಿಂತ ತಾನೇ ರೋಗ ತಂದೆನೆಂಬ ಮಾತು ಬಂದೀತೆಂಬ ಅಂಜಿಕೆ ಅವರಿಗೆ ಹೆಚ್ಚಾಗಿತ್ತು. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಸೂತಕದ ಮನೆಯಿಂದ ಬಂದವರು ಹಾಗೆ ಮಾಡುವುದನ್ನು ನಾವು ಕಂಡಿದ್ದೇವೆ. ಪಾಠ ಹೇಳಿ ಬಂದವರು ಮಾಡುವುದನ್ನು ಕಂಡಿರಲಿಲ್ಲ.

ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಶಿಕ್ಷಕರು ಸೋಂಕಿಗೆ ಬಲಿಯಾದ, ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಹಲವು ಜಿಲ್ಲೆಗಳಿಂದ ಬರತೊಡಗಿದವು. ಆ ಸೋಂಕು ವಿದ್ಯಾಗಮದಿಂದಲೇ ಬಂದದ್ದೋ ಅಲ್ಲವೋ ಎಂಬ ವಾದ ಅಂದೂ ಬಗೆಹರಿಯಲಿಲ್ಲ, ಬಗೆಹರಿಸಲು ತಕ್ಕ ಮಾರ್ಗವೂ ಇರಲಿಲ್ಲ. ಪತ್ರಿಕೆಗಳ ವರದಿ, ಶಿಕ್ಷಕ ವಲಯದ ಒತ್ತಾಯ, ವಿರೋಧ ಪಕ್ಷಗಳ ಟೀಕೆ ಸೇರಿ ಅಕ್ಟೋಬರ್ ೧೦ರಂದು ಸರ್ಕಾರ ವಿದ್ಯಾಗಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮರುದಿನವೇ ಆ ತಿಂಗಳ ಕೊನೆಯವರೆಗೆ ಮಧ್ಯಂತರ ರಜೆ ಘೋಷಣೆಯಾಯಿತು.

ಒಪ್ಪಿಗೆ ಪತ್ರ

೨೦೨೧ರ ಜನವರಿ ೧ರಿಂದ ಹತ್ತು ಮತ್ತು ಹನ್ನೆರಡನೆಯ ತರಗತಿಗಳು ಆರಂಭವಾದವು. ಆರರಿಂದ ಒಂಬತ್ತರವರೆಗಿನ ಮಕ್ಕಳಿಗೆ ವಿದ್ಯಾಗಮವು ಪರಿಷ್ಕೃತ ರೂಪದಲ್ಲಿ ಶಾಲೆಯ ಆವರಣಕ್ಕೇ ಮರಳಿತು. ಆಗಿನ ಮಾರ್ಗಸೂಚಿಯ ಒಂದು ಅಂಶವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮಕ್ಕಳ ಹಾಜರಾತಿ ಕಡ್ಡಾಯವಾಗಿರಲಿಲ್ಲ. ಬರುವ ಮಕ್ಕಳು ಪೋಷಕರ ಲಿಖಿತ ಒಪ್ಪಿಗೆ ಪತ್ರ ತರಬೇಕಾಗಿತ್ತು. ಅಂದರೆ ಮಗುವನ್ನು ಕಳುಹಿಸುವ ಅಪಾಯವನ್ನು ಅಳೆಯುವ ಹಕ್ಕು ಪೋಷಕರಿಗೆ ದೊರೆಯಿತು. ಅಪಾಯ ಸಂಭವಿಸಿದರೆ ಹೊಣೆ ಯಾರದೆಂಬುದನ್ನೂ ಅದೇ ಪತ್ರ ಮೆಲ್ಲಗೆ ಪೋಷಕರತ್ತ ಸರಿಸಿತು ಎಂಬುದು ಬೇರೆ. ಶಿಕ್ಷಕರಿಂದ ಇಂತಹ ಪತ್ರವನ್ನು ಯಾರೂ ಕೇಳಲಿಲ್ಲ. ಮಧುಮೇಹವಿದ್ದವರು, ಹೃದಯದ ಕಾಯಿಲೆಯವರು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುತ್ತಿದ್ದವರು ಎಲ್ಲರಿಗೂ ಹಾಜರಾತಿ ಪುಸ್ತಕವೇ ಉತ್ತರ. ಶಾಲೆಯ ಹೊಸ್ತಿಲಲ್ಲಿ ನಿಂತ ಮೂವರಲ್ಲಿ ಮಗುವಿಗೆ ಆಯ್ಕೆಯಿತ್ತು, ಪೋಷಕರಿಗೆ ಒಪ್ಪಿಗೆಯಿತ್ತು, ಶಿಕ್ಷಕರಿಗೆ ಆದೇಶವಿತ್ತು.

ಹಾಗಾದರೆ ಸಂಘಟನೆಗಳು ಏನು ಮಾಡಿದವು ಎಂಬ ಪ್ರಶ್ನೆ ಸಹಜ. ಅವುಗಳ ಕೈಲಿದ್ದ ಸಾಧನ ಮನವಿ ಪತ್ರ. ಸರ್ಕಾರಿ ನೌಕರರು ಮುಷ್ಕರ ಹೂಡುವುದನ್ನು ೧೯೬೬ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು ನಿಷೇಧಿಸಿದ್ದವು. ಅವುಗಳ ಜಾಗಕ್ಕೆ ೨೦೨೧ರಲ್ಲಿ ಬಂದ ಹೊಸ ನಿಯಮಗಳೂ ಈ ವಿಷಯದಲ್ಲಿ ಸಡಿಲಗೊಳ್ಳಲಿಲ್ಲ. ೨೦೦೩ರಲ್ಲಿ ತಮಿಳುನಾಡಿನ ಸರ್ಕಾರಿ ನೌಕರರು ಮತ್ತು ಶಿಕ್ಷಕರ ಮುಷ್ಕರದ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯವು ರಂಗರಾಜನ್ ಪ್ರಕರಣದಲ್ಲಿ ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ತೀರ್ಪಿತ್ತಿತ್ತು. ಈ ಚೌಕಟ್ಟಿನೊಳಗೆ ಉಳಿದ ದಾರಿ ಒಂದೇ.

ಮನವಿ ಪತ್ರವನ್ನು ಒಂದು ಪ್ರಕಾರವಾಗಿ ನಾವು ಇನ್ನೂ ಅಧ್ಯಯನ ಮಾಡಿಲ್ಲ. ‘ಇವರಿಗೆ’ ಎಂದು ಆರಂಭವಾಗಿ, ‘ಮಾನ್ಯರೇ’ ಎಂಬ ಸಂಬೋಧನೆಯನ್ನು ಹಾದು, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸೇತುವೆಯ ಮೂಲಕ ಬೇಡಿಕೆಗೆ ತಲುಪಿ, ‘ತಮ್ಮ ವಿಶ್ವಾಸಿ’ಯಲ್ಲಿ ಮುಗಿಯುವ ಈ ಬರೆಹಕ್ಕೆ ಹರಕೆಯ ನುಡಿಗಟ್ಟಿನಷ್ಟೇ ಸ್ಥಿರವಾದ ಸೂತ್ರಗಳಿವೆ. ಹರಕೆಯಂತೆಯೇ ಇದೂ ಕೆಳಗಿನಿಂದ ಮೇಲಕ್ಕೆ ಸಾಗುವ ಮಾತು. ಕೇಳುವವನು ಕೇಳುವ ಹಕ್ಕಿನಿಂದ ಕೇಳುವುದಿಲ್ಲ, ಕೊಡುವವನ ಔದಾರ್ಯವನ್ನು ನಂಬಿ ಕೇಳುತ್ತಾನೆ. ಕೋವಿಡ್ ಕಾಲದ ಮನವಿಗಳಲ್ಲಿ ಮುಖಗವಸು, ಸ್ಯಾನಿಟೈಸರ್‌ಗಳಿಗೆ ಅನುದಾನ ಬೇಕೆಂಬುದರಿಂದ ಹಿಡಿದು ಗರ್ಭಿಣಿ ಶಿಕ್ಷಕಿಯರಿಗೆ ವಿನಾಯಿತಿ, ಸೋಂಕಿತರಿಗೆ ವೇತನಸಹಿತ ರಜೆ, ಮೃತರ ಕುಟುಂಬಕ್ಕೆ ಪರಿಹಾರ, ಲಸಿಕೆಯಲ್ಲಿ ಆದ್ಯತೆ ಎಲ್ಲವೂ ಇದ್ದವು. ನಾನು ನೋಡಿದ ಪ್ರತಿಗಳಲ್ಲಿ ಇಲ್ಲದಿದ್ದುದು ಒಂದೇ ಮಾತು: ಈ ಷರತ್ತುಗಳು ಈಡೇರುವವರೆಗೆ ನಾವು ಒಳಗೆ ಹೋಗುವುದಿಲ್ಲ ಎಂಬುದು. ಆ ಮಾತಿಗೆ ಮನವಿಯ ಸೂತ್ರದಲ್ಲಿ ಜಾಗವೇ ಇಲ್ಲ.

ಆ ಮಾತಿಗೆ ಜಾಗವಿದ್ದ ಕಡೆ ಏನಾಯಿತೆಂಬುದನ್ನು ನೋಡಿದರೆ ನಮ್ಮ ಸ್ಥಿತಿ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ೧೯೯೬ರ ಉದ್ಯೋಗ ಹಕ್ಕುಗಳ ಕಾಯ್ದೆಯ ೪೪ನೆಯ ಕಲಮು ಗಂಭೀರವೂ ಸನ್ನಿಹಿತವೂ ಆದ ಅಪಾಯವಿದೆಯೆಂದು ಸಕಾರಣವಾಗಿ ನಂಬಿ ಕೆಲಸದ ಸ್ಥಳದಿಂದ ದೂರವುಳಿದ ನೌಕರನಿಗೆ ರಕ್ಷಣೆ ನೀಡುತ್ತದೆ. ೨೦೨೧ರ ಜನವರಿಯ ಆರಂಭದಲ್ಲಿ ಅಲ್ಲಿನ ರಾಷ್ಟ್ರೀಯ ಶಿಕ್ಷಣ ಒಕ್ಕೂಟವು ಈ ಕಲಮನ್ನು ಉಲ್ಲೇಖಿಸಿ ಪ್ರಾಥಮಿಕ ಶಾಲೆಗಳ ತನ್ನ ಸದಸ್ಯರಿಗೆ ಸಲಹೆಯಿತ್ತಿತು. ಜನವರಿ ೪ರ ಸೋಮವಾರ ಅನೇಕ ಶಾಲೆಗಳು ತೆರೆದವು. ಅಂದು ಸಂಜೆಯೇ ಪ್ರಧಾನಿ ಬೋರಿಸ್ ಜಾನ್ಸನ್ ಶಾಲೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದರು. ಮಾರ್ಚ್ ೮ರಂದು ಅವು ಮತ್ತೆ ತೆರೆದವು. ಏರುತ್ತಿದ್ದ ಸೋಂಕು ಈ ನಿರ್ಧಾರಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೂ ಆ ವಾರಾಂತ್ಯದಲ್ಲಿ ಶಿಕ್ಷಕರು ಬರೆದದ್ದು ಮನವಿಯಲ್ಲ, ತಿಳಿವಳಿಕೆ ಪತ್ರ. ‘ಬೇಡುತ್ತೇವೆ’ ಎನ್ನುವುದಕ್ಕೂ ‘ತಿಳಿಸುತ್ತಿದ್ದೇವೆ’ ಎನ್ನುವುದಕ್ಕೂ ಇರುವ ಅಂತರ ವ್ಯಾಕರಣದ್ದಷ್ಟೇ ಅಲ್ಲ.

ಶಿಕಾಗೋದ ಶಿಕ್ಷಕರಿಗೆ ಸಂಘಟನೆಯ ಚರಿತ್ರೆ ಇನ್ನೂ ದೀರ್ಘವಾದದ್ದು. ನಮ್ಮಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದ ೧೮೯೭ರಲ್ಲಿಯೇ ಅಲ್ಲಿನ ಪ್ರಾಥಮಿಕ ಶಿಕ್ಷಕಿಯರು ಶಿಕಾಗೋ ಟೀಚರ್ಸ್ ಫೆಡರೇಷನ್ನನ್ನು ಕಟ್ಟಿದರು. ಮಾರ್ಗರೆಟ್ ಹೇಲಿ ಅದರ ಪ್ರಸಿದ್ಧ ನಾಯಕಿ. ಇಂದಿನ ಶಿಕಾಗೋ ಟೀಚರ್ಸ್ ಯೂನಿಯನ್ ರೂಪುಗೊಂಡದ್ದು ೧೯೩೭ರಲ್ಲಿ. ಅದೇ ವರ್ಷದ ಶರತ್ಕಾಲದಲ್ಲಿ ಪೋಲಿಯೊ ಹಬ್ಬಿ ಅಲ್ಲಿನ ಶಾಲೆಗಳು ತೆರೆಯುವುದು ತಡವಾದಾಗ ಮಕ್ಕಳಿಗೆ ರೇಡಿಯೊ ಮೂಲಕ ಪಾಠ ಹೇಳಲಾಯಿತು. ಆನ್‌ಲೈನ್ ಪಾಠ ಎಂದೂ ಕಾಣದ ಸಂಗತಿಯೆಂದು ಭಾವಿಸಿದವರು ಈ ಪ್ರಸಂಗವನ್ನು ನೆನೆಯಬಹುದು. ೨೦೨೧ರ ಜನವರಿಯಲ್ಲಿ ಶಾಲೆಗೆ ಮರಳಲು ಆಡಳಿತ ಆದೇಶಿಸಿದಾಗ ಯೂನಿಯನ್ನಿನ ಸದಸ್ಯರು ಮತ ಹಾಕಿ, ಮನೆಯಿಂದಲೇ ಪಾಠ ಮುಂದುವರಿಸುವುದೆಂದು ತೀರ್ಮಾನಿಸಿದರು. ಕೆಲವರು ಕೊರೆಯುವ ಚಳಿಯಲ್ಲಿ ಶಾಲೆಯ ಹೊರಗೆ ಮೇಜು ಹಾಕಿಕೊಂಡು, ಲ್ಯಾಪ್‌ಟಾಪ್ ತೆರೆದು ಪಾಠ ಮಾಡಿದರು. ನನಗೆ ಅದು ಹೊರಬೀಡಿನ ಚಿತ್ರದಂತೆಯೇ ಕಂಡಿತು. ಫೆಬ್ರವರಿಯಲ್ಲಿ ಆದ ಒಪ್ಪಂದದಲ್ಲಿ ಲಸಿಕೆ, ಯಾವ ಮಟ್ಟದ ಸೋಂಕಿಗೆ ಶಾಲೆ ಮುಚ್ಚಬೇಕೆಂಬ ಮಿತಿ, ಶಾಲೆಶಾಲೆಗಳಲ್ಲಿ ಸುರಕ್ಷತಾ ಸಮಿತಿ ಇವೆಲ್ಲ ಲಿಖಿತವಾಗಿ ಸೇರಿದವು. ೨೦೨೨ರ ಜನವರಿಯಲ್ಲಿ ಒಮಿಕ್ರಾನ್ ಹಬ್ಬಿದಾಗ ಮತ್ತೆ ಶೇಕಡಾ ೭೩ರಷ್ಟು ಸದಸ್ಯರು ದೂರಪಾಠದ ಪರವಾಗಿ ಮತ ಹಾಕಿದರು. ಆಡಳಿತವು ತರಗತಿಗಳನ್ನೇ ರದ್ದುಪಡಿಸಿತು, ಐದು ಶಾಲಾದಿನಗಳು ಹೋದವು.

ಈ ಐದು ದಿನಗಳಿಗಾಗಿ ಶಿಕಾಗೋ ಶಿಕ್ಷಕರು ಕೇಳಿಸಿಕೊಂಡ ಬೈಗುಳ ಕಡಿಮೆಯಲ್ಲ, ಅದರಲ್ಲಿ ಎಲ್ಲವೂ ಅನ್ಯಾಯದ್ದೂ ಅಲ್ಲ. ಕೆಲಸಕ್ಕೆ ಹೋಗಲೇಬೇಕಾದ ತಾಯಂದಿರು ಒಂದು ರಾತ್ರಿಯ ಅವಧಿಯಲ್ಲಿ ಮಗುವನ್ನು ಎಲ್ಲಿ ಬಿಡಬೇಕು?

ಮಕ್ಕಳ ಪಾಲು

ಆ ಪ್ರಶ್ನೆ ನಮ್ಮಲ್ಲಿ ಇನ್ನೂ ತೀಕ್ಷ್ಣವಾಗಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ೧೬,೦೬೭ ಮಕ್ಕಳನ್ನು ಕುರಿತು ೨೦೨೧ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಧ್ಯಯನದಂತೆ ಶೇಕಡಾ ೯೨ರಷ್ಟು ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇಕಡಾ ೮೨. ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಮತ್ತಿತರರು ೨೦೨೧ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ, ಬಡ ಕುಟುಂಬಗಳ ಮಕ್ಕಳ ಸಮೀಕ್ಷೆಯಲ್ಲಿ ಹಳ್ಳಿಗಳ ಶೇಕಡಾ ೮ರಷ್ಟು ಮಕ್ಕಳು ಮಾತ್ರ ಆನ್‌ಲೈನ್‌ನಲ್ಲಿ ಕ್ರಮವಾಗಿ ಕಲಿಯುತ್ತಿದ್ದರು. ಶೇಕಡಾ ೩೭ರಷ್ಟು ಮಕ್ಕಳು ಕಲಿಯುವುದನ್ನೇ ನಿಲ್ಲಿಸಿದ್ದರು. ಬಿಸಿಯೂಟ ನಿಂತಿತ್ತು, ಬದಲಿಗೆ ಧಾನ್ಯ ಕೊಟ್ಟರೂ ಅದು ಮಗುವಿನ ತಟ್ಟೆಗಲ್ಲ, ಮನೆಯ ಮಡಕೆಗೆ ಸೇರುತ್ತಿತ್ತು. ಕುರಿ ಕಾಯಲು ಹೋದವರು, ಮದುವೆಯಾಗಿ ಹೋದವರು ಎಷ್ಟೋ.

ಆದ್ದರಿಂದ ಶಾಲೆ ತೆರೆಯಬಾರದಿತ್ತು ಎಂಬುದು ಈ ಲೇಖನದ ವಾದವಲ್ಲ. ಕರ್ನಾಟಕದ ಶಿಕ್ಷಕ ಸಂಘಟನೆಗಳ ವಾದವೂ ಅದಾಗಿರಲಿಲ್ಲ. ತೆರೆಯಬೇಕೆಂಬ ಒತ್ತಾಯ ಶಿಕ್ಷಕರೊಳಗಿನಿಂದಲೇ ಬಂದದ್ದೂ ಉಂಟು. ಇಲ್ಲಿ ಶಿಕ್ಷಕ ಎಂಬ ಪದ ಇಬ್ಭಾಗವಾಗಿ ಒಡೆಯುತ್ತದೆ. ಸರ್ಕಾರಿ ಶಿಕ್ಷಕರಿಗೆ ಸಂಬಳ ನಿಲ್ಲಲಿಲ್ಲ. ಅನುದಾನರಹಿತ ಖಾಸಗಿ ಶಾಲೆಗಳ ಶಿಕ್ಷಕರಲ್ಲಿ ಸಂಬಳ ಅರ್ಧವಾದವರು, ಪೂರ್ತಿ ನಿಂತವರು, ತರಕಾರಿ ಮಾರಿದವರು, ಉದ್ಯೋಗ ಖಾತರಿಯ ಕೆಲಸಕ್ಕೆ ಗುದ್ದಲಿ ಹಿಡಿದವರು ಎಲ್ಲರೂ ಇದ್ದರು. ೨೦೨೧ರ ಫೆಬ್ರವರಿ ೨೩ರಂದು ಬೆಂಗಳೂರಿನಲ್ಲಿ ಬೃಹತ್ ಮೆರವಣಿಗೆ ನಡೆಸಿದವರು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಮತ್ತು ಶಿಕ್ಷಕರು. ಬೋಧನಾ ಶುಲ್ಕದ ಶೇಕಡಾ ೭೦ನ್ನು ಮಾತ್ರ ಪಡೆಯಬೇಕೆಂಬ ಸರ್ಕಾರದ ಆದೇಶ ಅವರ ವಿರೋಧಕ್ಕೆ ಕಾರಣ. ಅದೇ ವರ್ಷ ಜೂನ್‌ನಲ್ಲಿ ಸರ್ಕಾರ ಅವರಿಗೆ ತಲಾ ೫,೦೦೦ ರೂಪಾಯಿಗಳ ನೆರವು ಘೋಷಿಸಿತು. ಹಸಿವಿನ ಭಯದ ಮುಂದೆ ಸೋಂಕಿನ ಭಯ ಹಿಂದೆ ಸರಿಯಿತು. ಖಾಸಗಿ ಶಿಕ್ಷಕರಿಗೆ ಶಾಲೆ ತ್ವರಿತವಾಗಿ ತೆರೆಯಬೇಕಿತ್ತು, ಸರ್ಕಾರಿ ಶಿಕ್ಷಕರಿಗೆ ಎಚ್ಚರಿಕೆಯಿಂದ ತೆರೆಯಬೇಕಿತ್ತು. ಎರಡೂ ಗುಂಪು ಒಂದೇ ಮನವಿಗೆ ಸಹಿ ಹಾಕಿದ್ದನ್ನು ನಾನು ಕಂಡಿಲ್ಲ.

ಜನಸಾಮಾನ್ಯರ ನಾಲಿಗೆಯ ಮೇಲೆ ಮಾತ್ರ ಇಬ್ಬರೂ ಒಂದೇ ಆದರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಆ ಎರಡು ವರ್ಷಗಳಲ್ಲಿ ಶಿಕ್ಷಕರ ಕುರಿತು ಕೇಳಿದಷ್ಟು ಬೇರೆ ಯಾವಾಗಲೂ ಕೇಳಲಿಲ್ಲ. ಸಮೀಕ್ಷೆಯ ಹಾಳೆ ಹಿಡಿದು ಬಾಗಿಲಿಗೆ ಬಂದವರೂ ಶಿಕ್ಷಕರೇ ಎಂಬುದು ಗಾದೆ ಹೇಳುವವರಿಗೆ ಹೊಳೆಯಲಿಲ್ಲ. ನಮ್ಮ ಗಾದೆಗಳಿಗೆ ಹೊಲದಲ್ಲಿ ಬಗ್ಗಿದ ಬೆನ್ನು ಕಾಣುತ್ತದೆ. ಹಾಳೆಯ ಮೇಲೆ ಬಗ್ಗಿದ ಬೆನ್ನು ಎಂದೂ ಕಂಡದ್ದಿಲ್ಲ.

ಪಟ್ಟಿ

ಎರಡನೆಯ ಅಲೆಯ ಹೊತ್ತಿಗೆ ಭಾರತದ ಶಿಕ್ಷಕ ಸಂಘಟನೆಗಳ ಕೈಯಲ್ಲಿ ಇನ್ನೊಂದು ಬರೆಹ ಪ್ರಕಾರ ರೂಪುಗೊಂಡಿತು. ಅದು ಮೃತರ ಪಟ್ಟಿ. ಇದರ ಅತ್ಯಂತ ದಾರುಣ ನಿದರ್ಶನ ಉತ್ತರ ಪ್ರದೇಶದ್ದು. ೨೦೨೧ರ ಏಪ್ರಿಲ್ ೧೫ರಿಂದ ೨೯ರವರೆಗೆ ನಾಲ್ಕು ಹಂತಗಳಲ್ಲಿ ಅಲ್ಲಿ ಪಂಚಾಯಿತಿ ಚುನಾವಣೆ ನಡೆಯಿತು. ಶಾಲೆಗಳು ಮುಚ್ಚಿದ್ದರೂ ಶಿಕ್ಷಕರು ತರಬೇತಿಗೆ, ಮತಗಟ್ಟೆಗೆ, ಎಣಿಕೆಗೆ ಹೋಗಬೇಕಾಯಿತು. ಮಕ್ಕಳಿಗೆ ಸುರಕ್ಷಿತವಲ್ಲವೆಂದು ಮುಚ್ಚಿದ ಶಾಲೆಗಳ ಶಿಕ್ಷಕರು ಮತದಾರರ ಸರತಿಯೆದುರು ಕುಳಿತರು. ಅಲ್ಲಿನ ಪ್ರಾಥಮಿಕ ಶಿಕ್ಷಕರ ಸಂಘ ಮೊದಲು ೭೦೬ ಹೆಸರುಗಳ, ಮೇ ತಿಂಗಳಲ್ಲಿ ೧,೬೨೧ ಹೆಸರುಗಳ ಪಟ್ಟಿಯನ್ನು ಸರ್ಕಾರಕ್ಕೆ ಸಲ್ಲಿಸಿತು. ಸರ್ಕಾರದ ಉತ್ತರ: ಚುನಾವಣಾ ಕರ್ತವ್ಯದಲ್ಲಿ ಮಡಿದ ಶಿಕ್ಷಕರು ಮೂವರು.

ಎರಡು ಸಂಖ್ಯೆಗಳ ನಡುವಿನ ಈ ಕಂದಕಕ್ಕೆ ಕಾರಣ ಸುಳ್ಳಲ್ಲ, ವ್ಯಾಖ್ಯೆ. ಕರ್ತವ್ಯಕ್ಕಾಗಿ ಮನೆಯಿಂದ ಹೊರಟು ಕರ್ತವ್ಯ ಮುಗಿಸಿ ಮನೆ ಸೇರುವವರೆಗಿನ ಅವಧಿಯಲ್ಲಿ ಸಂಭವಿಸಿದ ಸಾವನ್ನಷ್ಟೇ ಚುನಾವಣಾ ಕರ್ತವ್ಯದ ಸಾವೆಂದು ನಿಯಮ ಹೇಳುತ್ತಿತ್ತು. ಅದು ಅಪಘಾತ, ಹಲ್ಲೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ನಿಯಮ. ಸೋಂಕು ತಗುಲಿ ಹತ್ತು ಹದಿನೈದು ದಿನಗಳ ನಂತರ ಕೊಲ್ಲುವ ರೋಗ ಅದರ ಕಲ್ಪನೆಯಲ್ಲಿರಲಿಲ್ಲ. ವ್ಯಾಪಕ ಟೀಕೆಯ ನಂತರ ಕರ್ತವ್ಯದ ದಿನದಿಂದ ಮೂವತ್ತು ದಿನಗಳೊಳಗಿನ ಕೋವಿಡ್ ಸಾವುಗಳನ್ನೂ ಪರಿಗಣಿಸಿ ಕುಟುಂಬಗಳಿಗೆ ೩೦ ಲಕ್ಷ ರೂಪಾಯಿ ನೀಡಲು ಆ ಸರ್ಕಾರ ಒಪ್ಪಿತು. ಸಂಘದ ಪಟ್ಟಿ ಇಲ್ಲದಿದ್ದರೆ ‘ಮೂವರು’ ಎಂಬುದೇ ಚರಿತ್ರೆಯಾಗಿ ಉಳಿಯುತ್ತಿತ್ತು. ವ್ಯಾಖ್ಯೆಯನ್ನು ಬದಲಿಸಿದ್ದು ಆ ಹೆಸರುಗಳು.

ಕರ್ನಾಟಕದಲ್ಲಿಯೂ ಅದೇ ಏಪ್ರಿಲ್ ೧೭ರಂದು ಬೆಳಗಾವಿ ಲೋಕಸಭೆ, ಬಸವಕಲ್ಯಾಣ ಮತ್ತು ಮಸ್ಕಿ ವಿಧಾನಸಭಾ ಕ್ಷೇತ್ರಗಳ ಉಪಚುನಾವಣೆ ನಡೆಯಿತು. ಚುನಾವಣಾ ಕೆಲಸಕ್ಕೆ ಹೋದ ಶಿಕ್ಷಕರ ಸಾವಿನ ದೂರುಗಳು ಇಲ್ಲಿಂದಲೂ ಬಂದವು. ಆ ದಿನಗಳಲ್ಲಿ ನನ್ನ ಅತ್ತಿಗೆಯ ಮೊಬೈಲಿನಲ್ಲಿ ಶಿಕ್ಷಕರ ವಾಟ್ಸಾಪ್ ಗುಂಪು ಬೆಳಗಾಗುತ್ತಲೇ ಕಪ್ಪು ಅಂಚಿನ ಭಾವಚಿತ್ರಗಳಿಂದ ತುಂಬಿರುತ್ತಿತ್ತು. ಹೂಮಾಲೆ, ಉರಿಯುವ ದೀಪ, ಭಾವಪೂರ್ಣ ಶ್ರದ್ಧಾಂಜಲಿ ಎಂಬ ಎರಡು ಪದ. ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ನಡುವೆ ಎಲ್ಲೋ ಅಂದಿನ ಮಾಹಿತಿಯನ್ನು ಸಂಜೆ ಐದರೊಳಗೆ ತಂತ್ರಾಂಶದಲ್ಲಿ ತುಂಬಬೇಕೆಂಬ ಜ್ಞಾಪನ. ವೀರಗಲ್ಲುಗಳನ್ನು ಓದಿದವರಿಗೆ ಇದೂ ಓದಬೇಕಾದ ಶಾಸನವೇ. ಆದರೆ ಕಲ್ಲಿನಂತೆ ಇದು ಉಳಿಯುವುದಿಲ್ಲ. ಮೊಬೈಲು ಬದಲಾದಾಗ ಅತ್ತಿಗೆಯ ಆ ಗುಂಪಿನ ಹಳೆಯ ಸಂದೇಶಗಳೆಲ್ಲ ಅಳಿಸಿಹೋದವು.

ತೋರಣ

ಮಕ್ಕಳ ತಜ್ಞರನ್ನೂ ಒಳಗೊಂಡು ಡಾ. ದೇವಿಶೆಟ್ಟಿ ಅವರ ಅಧ್ಯಕ್ಷತೆಯಲ್ಲಿ ರಚಿತವಾಗಿದ್ದ ಸಮಿತಿ ೨೦೨೧ರ ಜೂನ್‌ನಲ್ಲಿ ಶಾಲೆಗಳನ್ನು ತೆರೆಯಲು ಶಿಫಾರಸು ಮಾಡಿತು. ಆಗಸ್ಟ್ ೨೩ರಂದು ಸೋಂಕಿನ ಪ್ರಮಾಣ ಶೇಕಡಾ ೨ಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಗಳು, ಸೆಪ್ಟೆಂಬರ್ ೬ರಂದು ಆರರಿಂದ ಎಂಟು, ಅಕ್ಟೋಬರ್ ೨೫ರಂದು ಒಂದರಿಂದ ಐದು ಹೀಗೆ ಹಂತಹಂತವಾಗಿ ಬಾಗಿಲು ತೆರೆಯಿತು. ಅಕ್ಟೋಬರ್‌ನಲ್ಲಿ ಬಿಸಿಯೂಟವೂ ಮರಳಿತು. ಹಿಂದಿನ ಬಾರಿಗಿಂತ ಈ ಬಾರಿಯ ಕ್ರಮ ಹೆಚ್ಚು ಎಚ್ಚರಿಕೆಯದು. ಶಿಕ್ಷಕರ ಲಸಿಕೆ ಈಗ ಬೇಡಿಕೆಯಾಗಿ ಉಳಿಯದೆ ಷರತ್ತಾಗಿ ಮಾರ್ಪಟ್ಟಿತ್ತು. ಸೆಪ್ಟೆಂಬರ್ ೫ರ ಶಿಕ್ಷಕರ ದಿನಾಚರಣೆಗೆ ಮುನ್ನ ಎಲ್ಲ ಶಿಕ್ಷಕರಿಗೂ ಲಸಿಕೆ ಹಾಕಿಸಲು ಕೇಂದ್ರವು ರಾಜ್ಯಗಳಿಗೆ ಎರಡು ಕೋಟಿ ಹೆಚ್ಚುವರಿ ಡೋಸುಗಳನ್ನು ನೀಡುವುದಾಗಿ ಪ್ರಕಟಿಸಿತು. ಮನವಿ ಪತ್ರಗಳಲ್ಲಿ ತಿಂಗಳುಗಟ್ಟಲೆ ಕೇಳುತ್ತ ಬಂದದ್ದು ಕೊನೆಗೆ ಆದೇಶದ ರೂಪದಲ್ಲಿ ಹಿಂತಿರುಗಿತು. ಲಸಿಕೆ ಹಾಕಿಸಿಕೊಳ್ಳದವರು ಒಳಗೆ ಬರುವಂತಿಲ್ಲ ಎಂಬ ಧಾಟಿಯಲ್ಲಿ. ಹಕ್ಕಾಗಿ ಕೇಳಿದ್ದು ಕರ್ತವ್ಯವಾಗಿ ಸಿಕ್ಕಿತೆನ್ನಬಹುದು. ಆದರೂ ಸಿಕ್ಕಿತು. ಅದನ್ನು ಕಡೆಗಣಿಸಲಾಗದು.

ಅಕ್ಟೋಬರ್ ೨೫ರ ಬೆಳಿಗ್ಗೆ ನಾನು ಅತ್ತಿಗೆಯ ಶಾಲೆಗೆ ಹೋಗಿದ್ದೆ. ಬಾಗಿಲಿಗೆ ಮಾವಿನ ತೋರಣ, ಬಾಳೆಕಂದು, ಅಂಗಳದಲ್ಲಿ ರಂಗೋಲಿ. ಒಂದನೆಯ ತರಗತಿಯ ಮಕ್ಕಳು ಶಾಲೆಯನ್ನು ಕಾಣುತ್ತಿದ್ದುದು ಅದೇ ಮೊದಲು. ಎರಡನೆಯ ತರಗತಿಯವರಿಗೂ ಅದೇ ಮೊದಲು. ಹೊಸ್ತಿಲ ಈಚೆ ಆರತಿ ತಟ್ಟೆ ಹಿಡಿದ ಅಡುಗೆ ಸಿಬ್ಬಂದಿಯ ಹೆಂಗಸು, ಆಚೆ ಉಷ್ಣಮಾಪಕ ಹಿಡಿದ ಅತ್ತಿಗೆ. ಮಗು ಬಂದಾಗ ಮೊದಲು ಹಣೆಗೆ ಕುಂಕುಮ, ಆಮೇಲೆ ಅದೇ ಹಣೆಗೆ ಮಾಪಕ, ಆಮೇಲೆ ಅಂಗೈಗೆ ಸ್ಯಾನಿಟೈಸರ್, ಆ ಅಂಗೈಗೇ ಒಂದು ಗುಲಾಬಿ. ಈ ಕ್ರಮವನ್ನು ಯಾರೂ ಬರೆದು ಕೊಟ್ಟಿರಲಿಲ್ಲ, ಮೂರ್ನಾಲ್ಕು ಮಕ್ಕಳು ದಾಟುವಷ್ಟರಲ್ಲಿ ತಾನಾಗಿ ಕುದುರಿಕೊಂಡಿತ್ತು. ಶಿಕ್ಷಕರ ಕೊಠಡಿಯಲ್ಲಿ ಗೋಡೆಗೆ ಒರಗಿಸಿದ್ದ ಭಾವಚಿತ್ರಕ್ಕೂ ಒಂದು ಎಸಳು ಹೂವು ಇಟ್ಟಿದ್ದರು. ಅದು ಹಿಂದಿನ ಮೇ ತಿಂಗಳಲ್ಲಿ ತೀರಿಕೊಂಡ ಸಹಶಿಕ್ಷಕರದು. ಅವರ ಕುಟುಂಬದ ಪರಿಹಾರಕ್ಕಾಗಿ ಸಂಘದ ತಾಲ್ಲೂಕು ಘಟಕ ಸಲ್ಲಿಸಿದ್ದ ಮನವಿಯ ಪ್ರತಿ ಅಲ್ಲಿಯೇ ಕಡತದಲ್ಲಿತ್ತು. ಎಡಗಡೆಯ ಮೂಲೆಯಲ್ಲಿ ಕಚೇರಿಯೊಂದರ ಸ್ವೀಕೃತಿ ಮುದ್ರೆ, ಅದರ ಮೇಲೆ ದಿನಾಂಕ, ಒಂದು ಕಿರುಸಹಿ.